ನದೀನಾಮಗಳ ನಿರುಕ್ತಿ: ಹೆಸರು ಮೊದಲೋ ಕಥೆ ಮೊದಲೋ?

ಹೊರನಾಡಿನ ನಮ್ಮ ಕನ್ನಡ ಸಂಘಗಳ ವೇದಿಕೆಗಳಲ್ಲಿ ನದಿಗಳ ಹೆಸರನ್ನು ಕುರಿತ ಉಪನ್ಯಾಸಗಳಿಗೆ ಎಂದೂ ಬರವಿಲ್ಲ. ನಾಡನ್ನು ಬಿಟ್ಟು ಬಂದವರಿಗೆ ನಾಡಿನ ಹೊಳೆಗಳ ಹೆಸರನ್ನು ಕೇಳುವುದೇ ಒಂದು ಸುಖ. ಆದರೆ ಈ ಉಪನ್ಯಾಸಗಳ ಜಾಡು ಎರಡೇ. ಒಂದು ಪಂಗಡದವರು ಸ್ಥಳಪುರಾಣವನ್ನು ತೆರೆದು, ಇಂತಹ ಋಷಿಯ ಕಮಂಡಲುವಿನಿಂದ, ಇಂತಹ ದೇವತೆಯ ಶಾಪದಿಂದ ನದಿ ಹುಟ್ಟಿತು, ಆದುದರಿಂದ ಅದಕ್ಕೆ ಈ ಹೆಸರು ಬಂದಿತು ಎನ್ನುತ್ತಾರೆ. ಇನ್ನೊಂದು ಪಂಗಡದವರು ಇದನ್ನೆಲ್ಲ ತಳ್ಳಿಹಾಕಿ, ನಿಘಂಟನ್ನು ತೆರೆದು, ಹೆಸರಿನ ಪ್ರತಿಯೊಂದು ಅಕ್ಷರದ ಒಳಗೂ ಒಂದು ಕನ್ನಡ ಧಾತುವನ್ನು ಕಂಡುಹಿಡಿಯುತ್ತಾರೆ. ಇವರಿಬ್ಬರೂ ಪರಸ್ಪರ ವಿರೋಧಿಗಳೆಂದು ನಾವು ಭಾವಿಸಿದ್ದೇವೆ. ವಿಚಾರಿಸಿ ನೋಡಿದರೆ ಇಬ್ಬರದೂ ಒಂದೇ ದೋಷ: ಇಂದು ನಮ್ಮ ಬಾಯಲ್ಲಿರುವ ರೂಪವೇ ಹೆಸರಿನ ಮೂಲರೂಪವೆಂದು ನಂಬಿ ಅದನ್ನು ಬಿಡಿಸಲು ತೊಡಗುವುದು. ಸಂಶೋಧನೆಯ ಹೆಸರಿನಲ್ಲಿ ಪ್ರಕಟವಾಗುವ ಈ ಬಗೆಯ ನಿರುಕ್ತಿಗಳ ಬೆಲೆಯೇನು ಎಂಬುದನ್ನು ಕೆಲವು ಹೆಸರುಗಳ ಮೂಲಕ ಪರಿಶೀಲಿಸುವುದು ಈ ಬರಹದ ಉದ್ದೇಶ.

ಎಲ್ಲರಿಗೂ ಪರಿಚಿತವಾದ ಕಾವೇರಿಯಿಂದಲೇ ತೊಡಗಬಹುದು. ಕವೇರನೆಂಬ ರಾಜರ್ಷಿಯ ಮಗಳಾದುದರಿಂದ ಆಕೆ ಕಾವೇರಿ. ಆಕೆಯೇ ಅಗಸ್ತ್ಯರನ್ನು ವರಿಸಿ ಕಮಂಡಲುವಿನಲ್ಲಿ ನೆಲಸಿ, ಅಲ್ಲಿಂದ ಹೊರಟು ಬ್ರಹ್ಮಗಿರಿಯಲ್ಲಿ ನದಿಯಾಗಿ ಹರಿದಳು. ಕಥೆ ಮನೋಹರವಾಗಿದೆ. ಸಂಸ್ಕೃತ ವ್ಯಾಕರಣದ ದೃಷ್ಟಿಯಿಂದಲೂ ಕವೇರನ ಅಪತ್ಯ ಕಾವೇರಿಯಾಗುವುದರಲ್ಲಿ ಬಾಧಕವೇನೂ ಇಲ್ಲ. ಆದರೆ ಈ ಕವೇರನಾರು? ಮಗಳ ತಂದೆಯಾಗಿರುವುದರ ಹೊರತು ಆತನಿಗೆ ಬೇರೆ ಚರಿತ್ರೆಯೇ ಇಲ್ಲ. ಹರಿವಂಶದಲ್ಲಿಯಾದರೋ ಕಾವೇರಿಯು ಯುವನಾಶ್ವನ ವಂಶದವಳು, ಜಹ್ನುವಿನ ಪತ್ನಿ. ಅಲ್ಲಿ ಕವೇರನಿಗೆ ಸ್ಥಾನವಿಲ್ಲ. ಒಂದೇ ನದಿಗೆ ಎರಡು ಕುಲ, ಇಬ್ಬರು ಗಂಡಂದಿರು ಏರ್ಪಟ್ಟಿರುವುದನ್ನು ನೋಡಿದರೆ, ಹೆಸರು ಮೊದಲೇ ಸಿದ್ಧವಾಗಿದ್ದು, ಅದಕ್ಕೆ ತಕ್ಕ ಕುಲವನ್ನು ಬೇರೆ ಬೇರೆ ಪುರಾಣಕಾರರು ಬೇರೆ ಬೇರೆಯಾಗಿ ಒದಗಿಸಿದರೆಂದೇ ಹೇಳಬೇಕಾಗುತ್ತದೆ. ಇಲ್ಲಿ ತಂದೆಯಿಂದ ಮಗಳು ಹುಟ್ಟಲಿಲ್ಲ. ಮಗಳಿಂದ ತಂದೆ ಹುಟ್ಟಿದನು. ಕ್ರಿಸ್ತಶಕ 2ನೆಯ ಶತಮಾನದಲ್ಲಿ ಟಾಲೆಮಿಯು ಈ ನದಿಯನ್ನು ಖಾಬೇರೋಸ್ ಎಂದು ಕರೆದಿದ್ದಾನೆ. ಸಮುದ್ರಯಾನದ ವರ್ತಕರ ಬಾಯಿಂದ ಗ್ರೀಕರ ಕಿವಿಗೆ ಬೀಳುವಷ್ಟು ಹಿಂದೆಯೇ ಹೆಸರು ನೆಲೆಗೊಂಡಿತ್ತೆಂಬುದಕ್ಕೆ ಇದು ಸಾಕ್ಷಿ.

ಹಾಗೆಂದು ‘ಕಾ’ ಎಂದರೆ ತೋಪು, ‘ವಿರಿ’ ಎಂದರೆ ಹರಡು, ತೋಪುಗಳನ್ನು ಹರಡುತ್ತ ಹೋಗುವವಳು ಕಾವಿರಿ ಎಂಬ ತಮಿಳು ನಿಷ್ಪತ್ತಿಯನ್ನು ಕಣ್ಣು ಮುಚ್ಚಿ ಒಪ್ಪಬೇಕಾಗಿಲ್ಲ. ಕವೇರನ ಕಥೆಯಂತೆಯೇ ಇದೂ ಒಂದು ಕಥೆ. ಋಷಿಯ ಸ್ಥಾನದಲ್ಲಿ ಧಾತು ಕುಳಿತಿದೆ, ಅಷ್ಟೇ ಭೇದ. ಹೆಸರಿಗೆ ಒಂದು ಸುಂದರವಾದ ಅರ್ಥ ಹೊಂದುತ್ತದೆ ಎಂಬುದು ಆ ಅರ್ಥವೇ ಮೂಲವೆಂಬುದಕ್ಕೆ ಪ್ರಮಾಣವಾಗಲಾರದು. ಹೊಂದಿಕೆಯೇ ಪ್ರಮಾಣವಾಗುವುದಾದರೆ, ಬಲಮುರಿಯಲ್ಲಿ ಕಾವೇರಿಯ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆಗಳು ಹಿಂದಕ್ಕೆ ತಿರುಗಿದುವು, ಅಂದಿನಿಂದ ಕೊಡವ ಸ್ತ್ರೀಯರು ನೆರಿಗೆಯನ್ನು ಹಿಂದಕ್ಕೆ ಉಡುತ್ತಾರೆ ಎಂಬ ಐತಿಹ್ಯವನ್ನೂ ಉಡುಗೆಯ ಇತಿಹಾಸವೆಂದು ಒಪ್ಪಬೇಕಾಗುತ್ತದೆ.

ಶರಾವತಿಯ ಪ್ರಸಂಗ ಇದಕ್ಕಿಂತ ಬೋಧಪ್ರದವಾದುದು. ತೀರ್ಥಹಳ್ಳಿಯ ಬಳಿಯ ಅಂಬುತೀರ್ಥದಲ್ಲಿ ಶ್ರೀರಾಮನು ಬಾಣವನ್ನು ನೆಲಕ್ಕೆ ಹೊಡೆದನು, ನೀರು ಚಿಮ್ಮಿತು, ಶರದಿಂದ ಹುಟ್ಟಿದವಳು ಶರಾವತಿಯಾದಳು ಎಂಬುದು ನಮಗೆಲ್ಲ ತಿಳಿದ ಕಥೆ. ಆದರೆ ‘ಶರ’ಕ್ಕೆ ಬಾಣವೆಂಬಂತೆ ಜೊಂಡುಹುಲ್ಲು ಎಂಬ ಅರ್ಥವೂ ಉಂಟು, ಬಾಣಕ್ಕೆ ಆ ಹೆಸರು ಬಂದುದೂ ಆ ಹುಲ್ಲಿನ ದಂಟಿನಿಂದಲೇ. ‘ವತಿ’ ಎಂಬುದು ಉಳ್ಳವಳು ಎಂದು ಹೇಳುವ ಪ್ರತ್ಯಯ. ಇಂತಹ ಹೆಸರುಗಳಲ್ಲಿ ‘ಶರ’ದ ಅಕಾರ ದೀರ್ಘವಾಗುವುದಕ್ಕೆ ಪಾಣಿನಿಯೇ ಸೂತ್ರವನ್ನು ರಚಿಸಿದ್ದಾನೆ. ಅಮರಕೋಶದಲ್ಲಿಯೂ ಶರಾವತಿಯುಂಟು. ಅದು ಪೂರ್ವದೇಶವನ್ನೂ ಉತ್ತರದೇಶವನ್ನೂ ಬೇರ್ಪಡಿಸುವ ಗಡಿ. ಅರ್ಥಾತ್ ಜೊಂಡು ಬೆಳೆದ ಉತ್ತರದ ಒಂದು ನದಿಯ ಹೆಸರು ಸಂಸ್ಕೃತ ವಿದ್ಯೆಯೊಡನೆ ಇಳಿದು ಬಂದು ಸಹ್ಯಾದ್ರಿಯ ಹೊಳೆಯೊಂದಕ್ಕೆ ಅಂಟಿಕೊಂಡಿತು. ಮೂಲದ ಜೊಂಡು ಮರೆತುಹೋದ ಮೇಲೆ ಬಾಣದ ಕಥೆ ಹುಟ್ಟಿತು. ಸುತ್ತಿನ ಜನ ಆಯಾ ಊರಿನ ಮೇಲಿಂದ ಇದನ್ನು ಗೇರುಸೊಪ್ಪೆಯ ಹೊಳೆ ಎಂದೋ ಬಾರಂಗಿ ಹೊಳೆ ಎಂದೋ ಕರೆದುಕೊಂಡಿದ್ದರು. ಜೋಗದ ಜಲಪಾತವೂ ಹಿಂದಿನ ಆಂಗ್ಲ ಗ್ರಂಥಗಳಲ್ಲಿ ಗೇರುಸೊಪ್ಪೆಯ ಜಲಪಾತವೇ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡು, ವಿದ್ಯುತ್ತಿನೊಡನೆ ಶರಾವತಿಯೆಂಬ ಹೆಸರು ನಾಡಿನ ಮೂಲೆಮೂಲೆಗೂ ಹರಿಯಿತು, ಬಾರಂಗಿಯನ್ನು ಕೇಳುವವರಿಲ್ಲವಾಯಿತು.

ಪಂಢರಪುರಕ್ಕೆ ಹೋಗಿಬರುವ ನಮ್ಮ ಮುಂಬಯಿ ಪುಣೆಗಳ ಬಂಧುಗಳಿಗೆ ಇದರ ಜೊತೆಗಾರ್ತಿಯೊಬ್ಬಳು ಪರಿಚಿತಳಾಗಿದ್ದಾಳೆ. ಅಲ್ಲಿ ಭೀಮೆಗೆ ಚಂದ್ರಭಾಗೆಯೆಂದು ಹೆಸರು. ನದಿಯು ಅರ್ಧಚಂದ್ರದಂತೆ ಬಾಗಿ ಹರಿಯುವುದೇ ಕಾರಣವೆಂದು ಬಡವೆಯರೂ ಹೇಳುತ್ತಾರೆ, ವಿದ್ವಾಂಸರೂ ಹೇಳುತ್ತಾರೆ. ಹಿಮಾಲಯದ ಲಾಹುಲ ಪ್ರಾಂತದಲ್ಲಿ ಚಂದ್ರಾ ಭಾಗಾ ಎಂಬ ಎರಡು ತೊರೆಗಳು ಕೂಡಿ ಆಗುವ ನದಿಯೂ ಚಂದ್ರಭಾಗೆಯೇ. ಅದೇ ಇಂದಿನ ಚೀನಾಬ್. ಹೆಸರು ಅಲ್ಲಿಯದು, ಬಾಗು ಇಲ್ಲಿಯದು. ತೀರ್ಥದ ಮಹಿಮೆ ಹೆಚ್ಚಿದಲ್ಲಿ ಇಂತಹ ವಲಸೆ ಸಹಜ. ವಲಸೆ ಬಂದ ಹೆಸರು ಹೊಸ ನೆಲದಲ್ಲಿ ತನಗೊಂದು ಕಾರಣವನ್ನು ಹುಡುಕಿಕೊಳ್ಳುತ್ತದೆ.

ಎಲ್ಲ ಹೆಸರುಗಳೂ ಹೀಗೆ ಹೊರಗಿನಿಂದ ಬಂದವಲ್ಲ. ದೇಶೀಯ ನಾಮವು ಸಂಸ್ಕೃತದ ವೇಷವನ್ನು ತೊಡುವುದೇ ಹೆಚ್ಚು. ಕೆಲವೆಡೆ ಅದು ಸರಳವಾದ ಭಾಷಾಂತರ: ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ತಮಿಳುನಾಡಿಗೆ ಹರಿಯುವ ಪಾಲಾರು ಕ್ಷೀರನದಿಯಾಯಿತು, ಚಾಮರಾಜನಗರದ ಹೊನ್ನುಹೊಳೆ ಸುವರ್ಣಾವತಿಯಾಯಿತು. ಇಲ್ಲಿ ಅರ್ಥ ಉಳಿದು ಧ್ವನಿ ಹೋಯಿತು. ಇನ್ನು ಕೆಲವೆಡೆ ಧ್ವನಿ ಉಳಿದು ಅರ್ಥ ಹೋಯಿತು. ಅದೇ ನಂದಿಯ ಮೂಲದಿಂದ ಹೊರಟ ಎರಡು ನದಿಗಳು ಆಂಧ್ರದಲ್ಲಿ ಪೆನ್ನೇರು, ತಮಿಳಿನಲ್ಲಿ ತೆನ್‌ಪೆಣ್ಣೈ. ಸಂಸ್ಕೃತದಲ್ಲಿ ಮಾತ್ರ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ. ಪಕಾರ ನಕಾರಗಳೆರಡನ್ನು ಹಿಡಿದುಕೊಂಡು ಶಿವನ ಬಿಲ್ಲಾದ ಪಿನಾಕವನ್ನು ತಂದು ಜೋಡಿಸಿದ ಪಂಡಿತನ ಜಾಣ್ಮೆಯನ್ನು ಮೆಚ್ಚಬೇಕು. ನಂದಿಯಲ್ಲಿ ಹುಟ್ಟಿದುದಕ್ಕೆ ಶಿವನ ಆಯುಧವಲ್ಲದೆ ಮತ್ತೇನು ಒಪ್ಪೀತು! ಬಡ ಕೆಂಪುಹೊಳೆಯೊಂದು ಪಂಡಿತರ ಕಣ್ಣಿಗೆ ಬೀಳದೆ ಸಕಲೇಶಪುರದ ಕಾಡುಗಳ ನಡುವೆ ಇಂದಿಗೂ ಕೆಂಪುಹೊಳೆಯಾಗಿಯೇ ಉಳಿದಿದೆ.

ಮಲಪ್ರಭೆಯಲ್ಲಿ ವೇಷದ ಮೇಲೆ ವೇಷವಿದೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ನದಿಯ ಹಳೆಯ ಹೆಸರು ಮಲಾಪಹಾರಿ, ಎಂದರೆ ಕೊಳೆಯನ್ನು ಕಳೆಯುವವಳು. ‘ಪ್ರಭೆ’ಯು ತೀರ ಈಚಿನ ಹೊಳಪು, ಮಲಕ್ಕೆ ಪ್ರಭೆಯನ್ನು ಅಂಟಿಸಿದರೆ ಎಂತಹ ಅರ್ಥವಾದೀತೆಂಬುದನ್ನು ಯಾರೂ ಯೋಚಿಸಿದಂತೆ ತೋರುವುದಿಲ್ಲ. ಉತ್ತರ ಕನ್ನಡದ ಅಘನಾಶಿನಿಯೂ ಪಾಪವನ್ನು ಕಳೆಯುವವಳೇ. ಹಗರಿಯನ್ನು ‘ಅಘಹರಿ’ ಎಂದು ಬಿಡಿಸಿ ಅವಳಿಗೂ ಇದೇ ಉದ್ಯೋಗವನ್ನು ಒಪ್ಪಿಸಿದವರುಂಟು. ಕನ್ನಡನಾಡಿನಲ್ಲಿ ಪಾಪ ಅಷ್ಟೊಂದಿತ್ತೆ ಎಂದು ಕೇಳಬೇಕೆನಿಸುತ್ತದೆ. ಇದನ್ನು ಕಂಡು ಬೇಸತ್ತ ದೇಶೀಯವಾದಿಯು ‘ಮಲೆ’ ಎಂದರೆ ಬೆಟ್ಟ, ‘ಪರಿ’ ಎಂದರೆ ಹಳಗನ್ನಡದಲ್ಲಿ ಹರಿ. ಮಲೆಪರಿಯೇ ಮಲಪಹರಿ, ಮಲಾಪಹಾರಿ ಎಂದಾನು. ಪಕ್ಕದ ಘಟಪ್ರಭೆಯಲ್ಲಿ ಘಟ್ಟವಿರುವಾಗ ಇಲ್ಲಿ ಮಲೆಯಿರುವುದು ಜೋಡಿಯಾಗಿ ಸೊಗಸಾಗಿಯೂ ಇದೆ. ನನಗೂ ಈ ಊಹೆ ಪ್ರಿಯವಾದುದೇ. ಆದರೆ ‘ಮಲೆ’ ಎಂಬ ಎಕಾರಾಂತ ರೂಪವಾಗಲಿ, ‘ಪರಿ’ ಎಂಬ ಉತ್ತರಪದವಾಗಲಿ ಶಾಸನದ ಬೆಂಬಲದೊಡನೆ ಮುಂದೆ ಬಾರದೆ ಅದನ್ನು ಊಹೆಯ ಮಟ್ಟದಿಂದ ಮೇಲಕ್ಕೆ ಏರಿಸಲು ಬಾರದು. ಪ್ರಿಯವಾದ ಊಹೆಗೆ ಹೆಚ್ಚಿನ ಜಾಮೀನು ಕೇಳುವುದು ನಮ್ಮ ಬ್ಯಾಂಕುಗಳ ವಾಡಿಕೆ; ಸಂಶೋಧನೆಯಲ್ಲಿಯೂ ಅದು ಒಳ್ಳೆಯ ವಾಡಿಕೆಯೇ.

ಇದೇ ಮಲಪ್ರಭೆಯ ದಂಡೆಯ ಐಹೊಳೆಯ ಸಂಗತಿಯು ಈ ಇಡೀ ಚರ್ಚೆಗೆ ಒಂದು ಎಚ್ಚರಿಕೆಯಂತಿದೆ. ಕ್ಷತ್ರಿಯರನ್ನು ಕೊಂದ ಪರಶುರಾಮನು ರಕ್ತಸಿಕ್ತವಾದ ಕೊಡಲಿಯನ್ನು ತೊಳೆದಾಗ ನೀರು ಕೆಂಪಾಯಿತು, ಅದನ್ನು ಕಂಡ ಹೆಂಗಸು ‘ಅಯ್ಯೋ, ಹೊಳೆ!’ ಎಂದು ಕೂಗಿದಳು, ಊರು ಐಹೊಳೆಯಾಯಿತು. ಈ ಕಥೆಯನ್ನು ನಕ್ಕು ಬಿಡುವ ನಾವು, ಹೆಸರಿನಲ್ಲಿ ‘ಹೊಳೆ’ಯಿದೆ ಎಂಬುದನ್ನು ಮಾತ್ರ ನಗದೆಯೇ ಒಪ್ಪಿಕೊಂಡಿರುತ್ತೇವೆ. ಶಾಸನಗಳಲ್ಲಿ ಊರಿನ ಹೆಸರು ಅಯ್ಯಾವೊಳೆ. ಐನೂರ್ವರ ವರ್ತಕಸಂಘದ ಮೂಲಕ ದಕ್ಷಿಣಾಪಥದಲ್ಲೆಲ್ಲ ಹೆಸರಾದುದು ಅದೇ ರೂಪದಲ್ಲಿ. ಅದರ ಸಂಸ್ಕೃತ ರೂಪ ಆರ್ಯಪುರ. ಆರ್ಯ ಎಂಬುದು ‘ಅಯ್ಯ’ಕ್ಕೆ ಸರಿಹೊಂದಿದರೆ, ‘ಪುರ’ಕ್ಕೆ ಸರಿಹೊಂದಬೇಕಾದುದು ಹೊಳೆಯಲ್ಲ, ಹಳಗನ್ನಡದ ‘ಪೊೞಲ್’ ಎಂಬ ಪಟ್ಟಣವಾಚಕ ಶಬ್ದ. ಅಂದಿನ ಭಾಷಾಂತರಕಾರನು ಅದನ್ನು ಪಟ್ಟಣವೆಂದೇ ತಿಳಿದಿದ್ದನು. ಪೊೞಲ್ ಎಂಬ ಮಾತು ಬಳಕೆಯಿಂದ ಜಾರಿ, ನದಿಯು ಎದುರಿಗೇ ಹರಿಯುತ್ತಿದ್ದುದರಿಂದ ಕಿವಿಗೆ ಹೊಳೆಯೇ ಕೇಳಿಸತೊಡಗಿತು. ಹೊಳೆ ಕೇಳಿಸಿದ ಮೇಲೆ ಪರಶುರಾಮನು ಬರುವುದು ತಡವಾಗಲಿಲ್ಲ. ಲೋಕನಿರುಕ್ತಿಯು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮ್ಮಲ್ಲಿ ದುರ್ಲಭ.

ಪುರಾಣಗಳಿಂದ ಪ್ರಯೋಜನವೇ ಇಲ್ಲವೆಂದು ಇದರಿಂದ ಭಾವಿಸಬಾರದು. ಹೆಸರಿನ ವಿಷಯದಲ್ಲಿ ನಂಬಲಾಗದ ಪುರಾಣವು ನೆಲದ ವಿಷಯದಲ್ಲಿ ಅನೇಕ ವೇಳೆ ನಿಜವನ್ನೇ ಹೇಳುತ್ತದೆ. ವರಾಹಸ್ವಾಮಿಯ ಎರಡು ದಾಡೆಗಳಿಂದ ತುಂಗಾ ಭದ್ರೆಯರೂ ಕಣ್ಣುಗಳಿಂದ ನೇತ್ರಾವತಿಯೂ ಹುಟ್ಟಿದರೆಂಬ ಕಥೆಯ ಒಳಗೆ, ಕುದುರೆಮುಖದ ಸೀಮೆಯ ಗಂಗಾಮೂಲದ ಒಂದೇ ಪರ್ವತಭಾಗದಿಂದ ಎರಡು ಪೂರ್ವಕ್ಕೂ ಒಂದು ಪಶ್ಚಿಮಕ್ಕೂ ಹರಿಯುತ್ತವೆಂಬ ಭೂಗೋಳವಿದೆ. ಮಹಾಬಲೇಶ್ವರದಲ್ಲಿಯೂ ಹಾಗೆಯೇ. ಬ್ರಹ್ಮನ ಯಜ್ಞದಲ್ಲಿ ಮುನಿದ ಸಾವಿತ್ರಿಯ ಶಾಪದಿಂದ ವಿಷ್ಣುವು ಕೃಷ್ಣೆಯಾಗಿಯೂ ಶಿವನು ವೇಣಿಯಾಗಿಯೂ ಬ್ರಹ್ಮನು ಕಕುದ್ಮತಿಯಾಗಿಯೂ ಹರಿದರು. ಶಪಿಸಿದವಳೂ ಪ್ರತಿಶಾಪದಿಂದ ನದಿಯಾಗಿ ಪಶ್ಚಿಮಕ್ಕೆ ಇಳಿದಳು. ವೇಣಿಯೇ ಸಾತಾರೆಯ ಬಳಿಯ ವೆಣ್ಣಾ, ಕಕುದ್ಮತಿಯೇ ಕೊಯ್ನಾ. ಈ ಜಗಳದ ಕಥೆಯನ್ನು ಕಟ್ಟಿದವನು ಘಟ್ಟದ ನೆತ್ತಿಯ ಮೇಲೆ ನಿಂತು, ನೀರು ಎರಡು ಕಡಲುಗಳಿಗೆ ಹಂಚಿಹೋಗುವುದನ್ನು ಕಣ್ಣಾರೆ ನೋಡಿದ್ದನು.

ಈಗ ಕೃಷ್ಣೆಯ ಹೆಸರಿಗೆ ಬರಬಹುದು. ಖಾರವೇಲನ ಹಾಥಿಗುಂಫಾ ಶಾಸನದಲ್ಲಿ ಕನ್ಹಬೆಂಣಾ ಎಂಬ ನದಿಯ ಹೆಸರಿದೆ. ಅದು ಕೃಷ್ಣೆಯೆಂದು ಕೆಲವರು, ವಿದರ್ಭದ ಕನ್ಹಾನ್ ವೈನಗಂಗೆಗಳೆಂದು ಕೆಲವರು. ವಾಕಾಟಕರ ತಾಮ್ರಶಾಸನಗಳಲ್ಲಿ ಬರುವ ಬೆಣ್ಣಾಕಟ ಎಂಬ ಪ್ರಾಂತವು ವೈನಗಂಗೆಯ ದಂಡೆಯದಾದುದರಿಂದ ಎರಡನೆಯ ಪಕ್ಷವೂ ಸುಲಭವಾಗಿ ತಳ್ಳಿಬಿಡುವಂಥದಲ್ಲ. ಏನೇ ಇರಲಿ, ಬೆಣ್ಣಾ ಎಂಬುದು ನದಿಗೆ ಸಲ್ಲುವ ಹಳೆಯ ಹೆಸರೆಂಬುದು ಸ್ಪಷ್ಟ. ಕೃಷ್ಣೆಯೂ ವೆಣ್ಣೆಯೂ ಮಾಹುಲಿಯ ಸಂಗಮದಲ್ಲಿ ಕೂಡಿದ ಮೇಲೆ ಜೋಡಿನಾಮವು ಮುಂದಿನ ನದಿಗೆಲ್ಲ ಸಂದಿತು. ತುಂಗಭದ್ರೆಯ ರೀತಿಯೇ ಇದು. ಸಂಸ್ಕೃತದಲ್ಲಿ ಬೆಣ್ಣೆಯು ವೇಣಾ ಆಗಿ, ಕೊನೆಗೆ ವೇಣಿಯಾದಾಗ ನದಿಗೆ ಕಪ್ಪು ಜಡೆ ಬೆಳೆಯಿತು. ಕೃಷ್ಣವೇಣಿಯೆಂದು ಹೆಣ್ಣುಮಕ್ಕಳಿಗೆ ಹೆಸರಿಡುವ ನಾವು ಆ ಜಡೆಯ ಕೆಳಗೆ ಮರೆಯಾಗಿರುವ ತೊರೆಯನ್ನು ನೆನೆಯುವುದಿಲ್ಲ.

ಆದರೆ ಕನ್ನಡಿಗರು ಈ ನದಿಯನ್ನು ಏನೆಂದು ಕರೆದರು? ನಮ್ಮ ಶಾಸನಗಳ ಉತ್ತರ ‘ಪೆರ್ದೊರೆ’. ಇದನ್ನು ‘ದೊಡ್ಡ ದೊರೆ’ ಎಂದು ಅರ್ಥಮಾಡಿದ ಒಂದು ಉಪನ್ಯಾಸವನ್ನು ನಾನು ಕೇಳಿದ್ದೇನೆ. ನದಿಗಳಲ್ಲಿ ಕೃಷ್ಣೆಯೇ ಅರಸಿ ಎಂಬ ವ್ಯಾಖ್ಯಾನಕ್ಕೆ ಕರತಾಡನವೂ ಆಯಿತು. ಇಲ್ಲಿರುವುದು ದೊರೆಯಲ್ಲ, ತೊರೆ. ಸಮಾಸದಲ್ಲಿ ಉತ್ತರಪದದ ಮೊದಲ ತಕಾರಕ್ಕೆ ದಕಾರವು ಆದೇಶವಾಗುವುದು ನಮ್ಮ ಶಾಲೆಯ ಮಕ್ಕಳೂ ಬಲ್ಲ ಸಂಧಿ. ಪಿರಿಯ ತೊರೆ ಪೆರ್ದೊರೆ, ಮುಂದೆ ಹೆದ್ದೊರೆ. ಹೆಸರಿನಲ್ಲಿ ಪುರಾಣವಿಲ್ಲ, ಶಾಪವಿಲ್ಲ, ಜಡೆಯಿಲ್ಲ. ದಂಡೆಯಲ್ಲಿ ಬಾಳುವವನಿಗೆ ತನ್ನ ಹೊಳೆಗೆ ವಿಶೇಷನಾಮ ಬೇಕಾಗುವುದಿಲ್ಲ. ಅದು ಬರಿಯ ಹೊಳೆ, ಅಥವಾ ದೊಡ್ಡ ಹೊಳೆ. ಹೆಸರು ಬೇಕಾಗುವುದು ದೂರದಿಂದ ನೋಡುವವನಿಗೆ: ಯಾತ್ರಿಕನಿಗೆ, ದಂಡಿನವನಿಗೆ, ನಕ್ಷೆ ಬರೆಯುವವನಿಗೆ.

ಇಂತಹ ಸಾಮಾನ್ಯನಾಮಗಳು ಇತಿಹಾಸಕಾರನನ್ನು ಎಷ್ಟು ಕಾಡಬಲ್ಲವೆಂಬುದಕ್ಕೆ ಕೊಪ್ಪಂ ಯುದ್ಧವನ್ನು ನೋಡಬೇಕು. 1054ರಲ್ಲಿ ಚಾಲುಕ್ಯ ಆಹವಮಲ್ಲ ಸೋಮೇಶ್ವರನೊಡನೆ ನಡೆದ ಈ ಯುದ್ಧದಲ್ಲಿ ಚೋಳ ರಾಜಾಧಿರಾಜನು ಆನೆಯ ಮೇಲೆಯೇ ಮಡಿದನು. ಅವನ ತಮ್ಮನು ರಣರಂಗದಲ್ಲಿಯೇ ಪಟ್ಟಾಭಿಷಿಕ್ತನಾದನು. ಯುದ್ಧವು ‘ಪೇರಾಱಿನ’ ದಂಡೆಯ ಕೊಪ್ಪಂನಲ್ಲಿ ನಡೆಯಿತೆಂದು ಚೋಳರ ಶಾಸನಗಳು ಹೇಳುತ್ತವೆ. ಪೇರಾಱು ಎಂದರೆ ಹಿರಿಯ ಆಱು, ಹಿರಿಯ ಹೊಳೆ. ಅದು ಪೆರ್ದೊರೆಯ ನೇರವಾದ ತಮಿಳು ರೂಪವೆಂದು ಹಿಡಿದರೆ ನದಿಯು ಕೃಷ್ಣೆಯಾಗಬೇಕು, ಊರು ಕೃಷ್ಣೆಯ ದಂಡೆಯ ಖಿದ್ರಾಪುರವಾಗಬೇಕು. ಫ್ಲೀಟರ ಪಕ್ಷ ಇದು. ಅಲ್ಲಿ ಕೋಪೇಶ್ವರನ ಭವ್ಯವಾದ ದೇವಾಲಯವಿರುವುದು ಈ ಪಕ್ಷಕ್ಕೆ ಬಲ. ಹಾಗಲ್ಲ, ಕೊಪ್ಪಂ ಎಂಬುದು ಕೊಪ್ಪಳವೇ ಎನ್ನುವವರಿದ್ದಾರೆ. ಕೊಪ್ಪಳದ ಬಳಿ ಕೃಷ್ಣೆಯಿಲ್ಲವಲ್ಲ ಎಂದರೆ, ಅಲ್ಲಿ ಹರಿದು ತುಂಗಭದ್ರೆಯನ್ನು ಸೇರುವ ತೊರೆಯ ಹೆಸರನ್ನು ನೋಡಿರಿ: ಹಿರೇಹಳ್ಳ! ಇದೂ ‘ಹಿರಿಯ’ದೇ. ಒಂದು ವಿಶೇಷಣದ ಮೇಲೆ ಒಬ್ಬ ಚಕ್ರವರ್ತಿಯ ಮರಣಸ್ಥಾನ ಕೃಷ್ಣೆಗೂ ಹಿರೇಹಳ್ಳಕ್ಕೂ ನಡುವೆ ತೂಗಾಡುತ್ತಿದೆ. ಪೇರಾಱು ಎಂಬ ಮಾತು ಮಹಾನದಿಯೊಂದರ ಅನುವಾದವಾಗಿ ಶಾಸನಕವಿಗೆ ದೊರೆಯುವುದು ಹೆಚ್ಚು ಸಹಜವೆಂದು ನನ್ನ ಅಭಿಪ್ರಾಯ. ಆದರೂ ಊರಿನ ಹೆಸರಿನ ಸಾಮ್ಯ ಕೊಪ್ಪಳದ ಕಡೆಗಿದೆಯೆಂಬುದನ್ನು ಮರೆಮಾಚಲಾಗದು.

ಈ ಶಾಸ್ತ್ರಚರ್ಚೆಗೆ ನಮ್ಮಂತಹ ಹೊರನಾಡಿಗರ ನಡುವೆ ಇನ್ನೊಂದು ಬಿಸಿಯೂ ಇದೆ. ಶಂ. ಬಾ. ಜೋಶಿಯವರು ‘ಕಣ್ಮರೆಯಾದ ಕನ್ನಡ’ದಿಂದ ತೊಡಗಿ, ಮಹಾರಾಷ್ಟ್ರದ ಸ್ಥಳನಾಮಗಳ ಅಡಿಯಲ್ಲಿ ಕನ್ನಡದ ಪದರವೊಂದನ್ನು ತೋರಿಸಿದರು. ಅದು ಧೈರ್ಯದ ಕೆಲಸ, ಆ ಕಾಲಕ್ಕೆ ಬೇಕಾಗಿದ್ದ ಕೆಲಸ. ಆದರೆ ಅವರ ಹಿಂದೆ ಬಂದ ಅನೇಕರು, ವಿಶೇಷವಾಗಿ 1956ರ ಪುನರ್ವಿಂಗಡಣೆಯ ಸುತ್ತಿನ ವರ್ಷಗಳಲ್ಲಿ, ಪ್ರತಿಯೊಂದು ಹೆಸರನ್ನೂ ಜಮೀನಿನ ಪತ್ರದಂತೆ ಎತ್ತಿ ಹಿಡಿದರು. ಎದುರಿನ ಪಕ್ಷದವರೂ ತಮ್ಮ ಪತ್ರಗಳನ್ನು ತೆರೆದರು. ಕೃಷ್ಣೆಯ ನೀರಿನ ಹಂಚಿಕೆಗೆ 1969ರಲ್ಲಿ ನ್ಯಾಯಮಂಡಳಿ ಏರ್ಪಟ್ಟಿತು, ಕಾವೇರಿಗೆ 1990ರಲ್ಲಿ. ಹೆಸರುಗಳ ಹಂಚಿಕೆಗೆ ಅಂತಹ ಮಂಡಳಿಯಿಲ್ಲದುದರಿಂದ ವಾದ ಇನ್ನೂ ನಮ್ಮ ಉಪನ್ಯಾಸ ಮಂದಿರಗಳಲ್ಲಿ ನಡೆದಿದೆ. ಕವಿರಾಜಮಾರ್ಗಕಾರನು ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡನ್ನು ಗುರುತಿಸಿದಾಗ, ಆ ಎರಡು ಹೆಸರುಗಳೂ ಕನ್ನಡ ಪದಗಳೆಂದು ಸಾಧಿಸುವ ಗೋಜಿಗೆ ಹೋಗಲಿಲ್ಲ. ನದಿಯ ಹೆಸರು ಯಾರದಾದರೂ ಆಗಿರಲಿ, ದಂಡೆಯಲ್ಲಿ ಆಡುವ ನುಡಿ ಯಾವುದೆಂಬುದನ್ನು ಆತನು ನೋಡಿದನು. ಮರಾಠಿಗರೊಡನೆ ಬಾಳುವ ನಮಗೆ ಈ ನಿಲುವು ಸತ್ಯಕ್ಕೂ ನೆರೆಹೊರೆಗೂ ಹಿತವಾದುದು.

ಕೊನೆಯದಾಗಿ ಒಂದು ಪ್ರಲೋಭನದ ವಿಷಯ. ಪೆಣ್ಣೈ, ಪೆನ್ನೇರು, ವೆಣ್ಣಾ, ಬೆಣ್ಣಾ, ವೈನಗಂಗಾ, ಧಾರವಾಡದ ಕಡೆಯ ಬೆಣ್ಣಿಹಳ್ಳ: ಇವುಗಳನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿ, ಕಾವೇರಿಯ ಆಚೆಯಿಂದ ವಿದರ್ಭದವರೆಗೆ ಒಂದೇ ದ್ರಾವಿಡ ನದೀವಾಚಕವಿತ್ತೆಂದು ಸಾರಿಬಿಡುವ ಆಸೆ ಯಾರಿಗಾದರೂ ಆಗುತ್ತದೆ. ಧ್ವನಿನಿಯಮವು ಇದಕ್ಕೆ ಅಡ್ಡಬರುತ್ತದೆ. ತಮಿಳಿನ ಪದಾದಿಯ ಪಕಾರಕ್ಕೆ ಕನ್ನಡದಲ್ಲಿ ಪಕಾರ, ಮುಂದೆ ಹಕಾರ. ಪಂಪೆಯು ಹಂಪೆಯಾದುದು, ಪೆರ್ದೊರೆಯು ಹೆದ್ದೊರೆಯಾದುದು ಆ ನಿಯಮದಿಂದ. ಕನ್ನಡದ ಬಕಾರಕ್ಕೆ ತಮಿಳಿನಲ್ಲಿ ವಕಾರವಿರಬೇಕು. ಆದುದರಿಂದ ಬೆಣ್ಣಾ ವೆಣ್ಣಾಗಳು ಒಂದು ಬಳಗವಾದಾವು; ತಮಿಳಿನ ಪೆಣ್ಣೈ ಆ ಬಳಗಕ್ಕೆ ನೇರವಾಗಿ ಸೇರಲಾರದು. ನಡುವೆ ಪ್ರಾಕೃತದ ಸಂಪರ್ಕವಿತ್ತೆಂದು ವಾದಿಸುವವರು ಅದನ್ನು ಹೆಸರು ಹೆಸರಿಗೂ ತೋರಿಸಿಕೊಡಬೇಕು. ಬೆಣ್ಣಿಹಳ್ಳದ ಮಟ್ಟಿಗೆ, ಮಲಪ್ರಭೆಯನ್ನು ಸೇರುವ ಈ ಹಳ್ಳದ ಹೆಸರಿನಲ್ಲಿ ಊರವರು ಕೇಳುವುದು ಬೆಣ್ಣೆಯನ್ನೇ. ಬೆಣ್ಣೆಯೆಂಬ ಮಾತು ‘ಬೆಳ್’ ಮತ್ತು ‘ನೆಯ್’ ಸೇರಿ ಆದುದು, ನದಿಯ ಬೆಣ್ಣೆಗೆ ಅದರೊಡನೆ ನಂಟಿಲ್ಲ. ಪಾಲಾರಿನಲ್ಲಿ ಹಾಲು ಹರಿಯಬಹುದಾದರೆ ಬೆಣ್ಣಿಹಳ್ಳದಲ್ಲಿ ಬೆಣ್ಣೆ ಹರಿಯಬಾರದೇಕೆ ಎಂದು ಕೇಳುವವರಿಗೂ ಉತ್ತರವನ್ನು ಕೊಡಬೇಕಾದುದು ನಿಘಂಟಲ್ಲ, ಆ ದಂಡೆಯ ಊರುಗಳ ದಾನಶಾಸನಗಳಲ್ಲಿ ಎಲ್ಲೆಯನ್ನು ಹೇಳುವ ಸಾಲುಗಳು. ಕಾವ್ಯಭಾಗವನ್ನು ಓದಿ ಮುಗಿಸಿದವರು ಸಾಮಾನ್ಯವಾಗಿ ಬಿಟ್ಟುಬಿಡುವ, ಮೂಡಣ ದೆಸೆಗೆ ಹುತ್ತ, ತೆಂಕಣಕ್ಕೆ ಹಳ್ಳ, ಪಡುವಣಕ್ಕೆ ನಟ್ಟ ಕಲ್ಲು ಎಂದು ಸಾಗುವ ಆ ನೀರಸವಾದ ಸಾಲುಗಳಲ್ಲಿಯೇ ಹಳ್ಳಗಳ ಹಳೆಯ ಹೆಸರುಗಳು ಇರುತ್ತವೆ.